ಜಾಗತೀಕರಣ ಬಂದಾಗ ರಾಜಕೀಯ ಹೇಗೆ ಬದಲಾಗುತ್ತದೆ? ಸಮಾಜ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳು

ಜಾಗತೀಕರಣ ಎಂಬ ಪದ ಕನ್ನಡದಲ್ಲಿ ದಿನಬಳಕೆಗೆ ಬಂದದ್ದು 1991ರ ಆರ್ಥಿಕ ಸುಧಾರಣೆಗಳ ನಂತರ. ಉದಾರೀಕರಣ, ಖಾಸಗೀಕರಣ ಎಂಬ ಇನ್ನೆರಡು ಪದಗಳೂ ಅದರ ಜೊತೆಗೇ ಬಂದವು. ಅಂದಿನಿಂದ ಇಂದಿನವರೆಗೂ ಈ ಪದ ಕೇಳಿದರೆ ಒಬ್ಬರಿಗೆ ಹೊಸ ಉದ್ಯೋಗ ನೆನಪಾಗುತ್ತದೆ, ಇನ್ನೊಬ್ಬರಿಗೆ ಮುಚ್ಚಿದ ಕಾರ್ಖಾನೆ ಅಥವಾ ಕುಸಿದ ಬೆಳೆ ಬೆಲೆ ನೆನಪಾಗುತ್ತದೆ. ಆದರೆ ಅದು ಮತದಾನ, ಪಕ್ಷ, ಚಳವಳಿ ಮತ್ತು ಸರ್ಕಾರದ ಅಧಿಕಾರವನ್ನು ಹೇಗೆ ಬದಲಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಮೂರು ದಶಕಗಳ ಹಿಂದೆ ಹಲವು ತಜ್ಞರು ಉತ್ತರ ಸಿಕ್ಕಿತು ಎಂದೇ ಭಾವಿಸಿದ್ದರು. ಮಾರುಕಟ್ಟೆ ತೆರೆದಂತೆ ಸರ್ಕಾರಗಳು ದುರ್ಬಲವಾಗುತ್ತವೆ, ಎಲ್ಲ ದೇಶಗಳ ನೀತಿಗಳೂ ಒಂದೇ ಥರ ಆಗುತ್ತವೆ, ಪ್ರಜಾಪ್ರಭುತ್ವ ತಾನಾಗಿ ಹರಡುತ್ತದೆ ಎಂಬುದು ಆಗಿನ ನಿರೀಕ್ಷೆ. ನಂತರದ ಅಧ್ಯಯನಗಳು ಈ ಚಿತ್ರವನ್ನು ಬಹುಮಟ್ಟಿಗೆ ಬದಲಿಸಿವೆ. ಒಂದೇ ಜಾಗತಿಕ ಒತ್ತಡ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ರಾಜಕೀಯವನ್ನು ಹುಟ್ಟಿಸುತ್ತದೆ. ಹೊರೆ ಯಾರ ಮೇಲೆ ಬೀಳುತ್ತದೆ, ಅವರು ಎಷ್ಟು ಸಂಘಟಿತರು, ಸರ್ಕಾರ ಅವರಿಗೆ ಹೇಗೆ ಉತ್ತರ ಕೊಡುತ್ತದೆ ಎಂಬ ಸಂಗತಿಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ. ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ಉದಾಹರಣೆ ಕರ್ನಾಟಕ ಮತ್ತು ಮಹಾರಾಷ್ಟ್ರದ ರೈತ ಚಳವಳಿಗಳಲ್ಲೇ ಇದೆ. ಅದಕ್ಕೆ ಬರುವ ಮೊದಲು ಮೂಲ ಪರಿಕಲ್ಪನೆಗಳನ್ನು ನೋಡೋಣ.

ಪದ ಹೊಸದು, ಸಂಗತಿ ಹಳೆಯದು

ಸರಕು, ಬಂಡವಾಳ, ಜನ, ಮಾಹಿತಿ ಮತ್ತು ನಿಯಮಗಳು ಗಡಿ ದಾಟುವ ಪ್ರಮಾಣ ಮತ್ತು ವೇಗ ಹೆಚ್ಚುವುದನ್ನು ಸ್ಥೂಲವಾಗಿ ಜಾಗತೀಕರಣ ಎನ್ನುತ್ತಾರೆ. ಅಮೆರಿಕದ ಥಿಯೊಡರ್ ಲೆವಿಟ್ 1983ರಲ್ಲಿ ಬರೆದ ಮಾರುಕಟ್ಟೆ ಕುರಿತ ಲೇಖನ ಈ ಪದವನ್ನು ವ್ಯಾಪಾರ ವಲಯದಲ್ಲಿ ಜನಪ್ರಿಯಗೊಳಿಸಿತು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್ 1990ರಲ್ಲಿ ಅದಕ್ಕೆ ಸಾಮಾಜಿಕ ಅರ್ಥ ಕೊಟ್ಟರು. ದೂರದ ಊರುಗಳ ನಡುವಿನ ಸಂಬಂಧ ಎಷ್ಟು ಬಿಗಿಯಾಗುತ್ತದೆ ಎಂದರೆ, ಇಲ್ಲಿ ನಡೆಯುವುದನ್ನು ಸಾವಿರಾರು ಮೈಲಿ ದೂರದ ಘಟನೆಗಳು ರೂಪಿಸುತ್ತವೆ ಎಂಬುದು ಅವರ ವಿವರಣೆಯ ಸಾರ.

ಇಂಥ ಸಂಬಂಧ ನಮ್ಮ ಭಾಗಕ್ಕೆ ಹೊಸದಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾದಾಗ ಬ್ರಿಟನ್ನಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಧಾರವಾಡ ಸೇರಿದಂತೆ ಮುಂಬೈ ಪ್ರಾಂತ್ಯದ ಹತ್ತಿಗೆ ಬೇಡಿಕೆ ಏರಿತು, ಬೆಲೆ ಗಗನಕ್ಕೇರಿತು, ರೈತರಿಗೆ ಸಾಲವೂ ಧಾರಾಳವಾಗಿ ಸಿಕ್ಕಿತು. 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಬೆಲೆ ಬಿದ್ದಿತು, ಸಾಲ ಉಳಿಯಿತು. 1875ರಲ್ಲಿ ಪುಣೆ ಮತ್ತು ಅಹ್ಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಇದಕ್ಕೆ ಹತ್ತಿ ಬೆಲೆ ಎಷ್ಟು ಕಾರಣ, ಭೂಕಂದಾಯದ ಏರಿಕೆ ಎಷ್ಟು ಕಾರಣ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಗಲಭೆಯ ಪರಿಣಾಮವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ದೂರದ ಯುದ್ಧ, ಹತ್ತಿರದ ಸಾಲ, ಕೊನೆಗೆ ಒಂದು ಕಾನೂನು. ಇಂದಿನ ಸಂಶೋಧಕರು ಹುಡುಕುವುದೂ ಇಂಥ ಸರಪಳಿಯನ್ನೇ.

ಮೂರು ಪಂಗಡಗಳು

1990ರ ದಶಕದ ಚರ್ಚೆಯನ್ನು ಡೇವಿಡ್ ಹೆಲ್ಡ್ ಮತ್ತು ಸಹಲೇಖಕರು 1999ರ ತಮ್ಮ ಪುಸ್ತಕದಲ್ಲಿ ಮೂರು ಪಂಗಡಗಳಾಗಿ ವಿಂಗಡಿಸಿದರು. ಪಠ್ಯಪುಸ್ತಕಗಳು ಇಂದಿಗೂ ಈ ವಿಂಗಡಣೆಯನ್ನು ಬಳಸುತ್ತವೆ.

ಮೊದಲನೆಯವರು ಅತಿ-ಜಾಗತೀಕರಣವಾದಿಗಳು. ಬಂಡವಾಳ ಎಲ್ಲಿಗೆ ಬೇಕಾದರೂ ಹೋಗಬಲ್ಲದಾದ್ದರಿಂದ ಸರ್ಕಾರಗಳು ಅದರ ಮರ್ಜಿಗೆ ಬಗ್ಗಲೇಬೇಕು, ರಾಷ್ಟ್ರದ ಗಡಿಗಳು ಅರ್ಥ ಕಳೆದುಕೊಳ್ಳುತ್ತವೆ ಎಂಬುದು ಇವರ ವಾದ. ಜಪಾನಿನ ಕೆನಿಚಿ ಓಮೆ ಇದರ ಪ್ರಸಿದ್ಧ ಪ್ರತಿಪಾದಕ.

ಎರಡನೆಯವರು ಸಂದೇಹವಾದಿಗಳು. 1914ಕ್ಕೆ ಮೊದಲೂ ವಿಶ್ವ ಆರ್ಥಿಕತೆ ಬಹಳ ತೆರೆದಿತ್ತು, ಬಹುರಾಷ್ಟ್ರೀಯ ಎನ್ನಿಸಿಕೊಂಡ ಕಂಪನಿಗಳ ಬೇರು ಇನ್ನೂ ತವರು ದೇಶದಲ್ಲೇ ಇದೆ ಎಂದು ಪಾಲ್ ಹರ್ಸ್ಟ್ ಮತ್ತು ಗ್ರಹಾಂ ಥಾಂಪ್ಸನ್ 1996ರಲ್ಲಿ ವಾದಿಸಿದರು. ಇವರ ಪ್ರಕಾರ 'ನಮ್ಮ ಕೈಯಲ್ಲಿ ಏನೂ ಇಲ್ಲ' ಎನ್ನುವುದು ಸರ್ಕಾರಗಳಿಗೆ ಅನುಕೂಲದ ನೆಪವೂ ಆಗಬಹುದು.

ಮೂರನೆಯವರು ಪರಿವರ್ತನವಾದಿಗಳು. ಸರ್ಕಾರ ಮಾಯವಾಗುತ್ತಿಲ್ಲ, ಅದರ ಕೆಲಸ ಬದಲಾಗುತ್ತಿದೆ ಎಂಬುದು ಇವರ ನಿಲುವು. ಕೆಲವು ಅಧಿಕಾರ ಮೇಲಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯಂಥ ಕಡೆಗೆ ಹೋಗುತ್ತದೆ, ಕೆಲವು ಕೆಳಕ್ಕೆ ರಾಜ್ಯ ಮತ್ತು ನಗರಗಳಿಗೆ ಇಳಿಯುತ್ತದೆ. ಹೆಲ್ಡ್ ಮತ್ತು ಗಿಡೆನ್ಸ್ ಈ ಸಾಲಿಗೆ ಸೇರುತ್ತಾರೆ. ಇಂದಿನ ಬಹುಪಾಲು ಸಂಶೋಧನೆ ಈ ನೆಲೆಯಿಂದಲೇ ಹೊರಡುತ್ತದೆ.

ಮುಂಬೈಯಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1990ರಲ್ಲಿ ಇನ್ನೊಂದು ಮುಖ್ಯ ಮಾತು ಸೇರಿಸಿದರು. ಜನ, ಹಣ, ತಂತ್ರಜ್ಞಾನ, ಮಾಧ್ಯಮ ಮತ್ತು ವಿಚಾರಗಳ ಹರಿವು ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಸಾಗುವುದಿಲ್ಲ. ಹಣ ಬಂದ ಊರಿಗೆ ಉದ್ಯೋಗ ಬಾರದೆ ಇರಬಹುದು, ಉದ್ಯೋಗವೇ ಇಲ್ಲದ ಊರಿಗೆ ದೊಡ್ಡ ಆಸೆಗಳನ್ನು ಹೊತ್ತ ಟಿವಿ ಬಂದಿರಬಹುದು. ರಾಜಕೀಯದ ಬಹಳಷ್ಟು ತಲ್ಲಣ ಇಂಥ ಹೊಂದಾಣಿಕೆ ಇಲ್ಲದ ಜಾಗಗಳಲ್ಲೇ ಹುಟ್ಟುತ್ತದೆ.

ಲಾಭ ಯಾರಿಗೆ, ನಷ್ಟ ಯಾರಿಗೆ

ವ್ಯಾಪಾರ ತೆರೆದಾಗ ದೇಶಕ್ಕೆ ಒಟ್ಟಾರೆ ಲಾಭವಾದರೂ ಎಲ್ಲರಿಗೂ ಲಾಭವಾಗುವುದಿಲ್ಲ ಎಂಬುದು ಅರ್ಥಶಾಸ್ತ್ರದಲ್ಲಿ 1941ರಿಂದಲೇ ಗೊತ್ತಿರುವ ಸಂಗತಿ. ಸ್ಟೋಲ್ಪರ್ ಮತ್ತು ಸ್ಯಾಮುಯೆಲ್ಸನ್ ಆ ವರ್ಷ ಅದನ್ನು ಸಿದ್ಧಾಂತವಾಗಿ ಮಂಡಿಸಿದರು. ರಾಜ್ಯಶಾಸ್ತ್ರಜ್ಞ ರೊನಾಲ್ಡ್ ರೊಗೊವ್ಸ್ಕಿ 1989ರಲ್ಲಿ ಅದನ್ನು ರಾಜಕೀಯಕ್ಕೆ ಅನ್ವಯಿಸಿದರು. ಲಾಭ ಪಡೆಯುವವರು ಬಾಗಿಲು ಇನ್ನಷ್ಟು ತೆರೆಯಲು, ಕಳೆದುಕೊಳ್ಳುವವರು ಮುಚ್ಚಲು ಒತ್ತಾಯಿಸುತ್ತಾರೆ, ಪಕ್ಷಗಳು ಈ ಎರಡು ಗುಂಪುಗಳ ಸುತ್ತ ಮರುಹೊಂದಿಕೊಳ್ಳುತ್ತವೆ ಎಂಬುದು ಅವರ ತರ್ಕ.

ಇದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ನಂತರ. ಡೇವಿಡ್ ಆಟರ್, ಡೇವಿಡ್ ಡಾರ್ನ್ ಮತ್ತು ಗಾರ್ಡನ್ ಹ್ಯಾನ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1990ರಿಂದ 2007ರ ನಡುವೆ ಅಮೆರಿಕದ ಕಾರ್ಖಾನೆ ಉದ್ಯೋಗಗಳಲ್ಲಿ ಆದ ಕುಸಿತದ ಸುಮಾರು ಕಾಲುಭಾಗಕ್ಕೆ ಚೀನಾ ಆಮದಿನ ಪೈಪೋಟಿ ಕಾರಣ. ಕೆಲಸ ಕಳೆದುಕೊಂಡವರು ಬೇರೆ ಊರಿಗೆ ಹೋಗಿ ಹೊಸ ಕೆಲಸ ಹಿಡಿಯುತ್ತಾರೆ ಎಂಬ ನಿರೀಕ್ಷೆ ಹುಸಿಯಾಯಿತು. ಹೊಡೆತ ಕೆಲವೇ ಪಟ್ಟಣಗಳಲ್ಲಿ ಗಟ್ಟಿಯಾಗಿ ನಿಂತಿತು.

ಇದರ ರಾಜಕೀಯ ಗುರುತು ಬ್ರಿಟನ್ನಿನಲ್ಲೂ ಕಂಡಿತು. 2016ರ ಜೂನ್ 23ರಂದು ಶೇ. 51.9ರಷ್ಟು ಮತದಾರರು ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಮತ ಹಾಕಿದರು. ಇಟಾಲೊ ಕೊಲಾಂಟೋನೆ ಮತ್ತು ಪಿಯೆರೊ ಸ್ಟಾನಿಗ್ 2018ರಲ್ಲಿ ತೋರಿಸಿದಂತೆ, ಚೀನಾ ಆಮದಿನ ಹೊಡೆತ ಹೆಚ್ಚಿದ್ದ ಪ್ರದೇಶಗಳಲ್ಲಿ ಹೊರಬರುವ ಪರವಾದ ಮತವೂ ಹೆಚ್ಚಿತ್ತು. ಪ್ರಚಾರದಲ್ಲಿ ಜೋರಾಗಿ ಕೇಳಿಬಂದದ್ದು ವಲಸಿಗರ ವಿಷಯ. ಆದರೆ ಪ್ರದೇಶವಾರು ಲೆಕ್ಕದಲ್ಲಿ ಎದ್ದು ಕಂಡದ್ದು ಆಮದಿನ ಹೊಡೆತ.

ಎಲ್ಲರೂ ಇದನ್ನು ಕೇವಲ ಹೊಟ್ಟೆಪಾಡಿನ ಪ್ರಶ್ನೆಯಾಗಿ ನೋಡುವುದಿಲ್ಲ. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2019ರ ಪುಸ್ತಕದಲ್ಲಿ, ಮೌಲ್ಯಗಳು ವೇಗವಾಗಿ ಬದಲಾದಾಗ ತಮ್ಮ ಜಗತ್ತು ಕೈತಪ್ಪುತ್ತಿದೆ ಎಂದು ಭಾವಿಸುವ ಹಿರಿಯ ತಲೆಮಾರಿನ ಪ್ರತಿಕ್ರಿಯೆಯೇ ಇದರ ಮುಖ್ಯ ಕಾರಣ ಎಂದು ವಾದಿಸಿದರು. ಈ ಎರಡು ವಿವರಣೆಗಳ ನಡುವಿನ ಜಗಳ ಇನ್ನೂ ತೀರಿಲ್ಲ. ಉದ್ಯೋಗ ಹೋದ ಊರಿನಲ್ಲಿ ಗುರುತಿನ ಮಾತು ಬೇಗ ನಾಟುತ್ತದೆ ಎನ್ನುವವರು ಎರಡನ್ನೂ ಜೋಡಿಸಿ ನೋಡುತ್ತಾರೆ.

ಮಾರುಕಟ್ಟೆ ಮುಂದೆ ಬಂದಾಗ ಸಮಾಜ ಎದುರು ನಿಲ್ಲುತ್ತದೆ

ಈ ಪ್ರತಿರೋಧವನ್ನು ಮೊದಲೇ ವಿವರಿಸಿದವರು ಕಾರ್ಲ್ ಪೊಲಾನಿ. 1944ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಎರಡು ವಿರುದ್ಧ ಚಲನೆಗಳ ಬಗ್ಗೆ ಬರೆದರು. ಮಾರುಕಟ್ಟೆ ಭೂಮಿ, ದುಡಿಮೆ ಮತ್ತು ಹಣವನ್ನೂ ಸರಕಾಗಿ ಮಾಡಲು ಹೊರಟಾಗ, ಸಮಾಜ ತನ್ನನ್ನು ಕಾಪಾಡಿಕೊಳ್ಳಲು ಎದ್ದು ನಿಲ್ಲುತ್ತದೆ. ಆ ರಕ್ಷಣೆ ಕಾರ್ಮಿಕ ಕಾನೂನಿನ ರೂಪದಲ್ಲೂ ಬರಬಹುದು, ಫ್ಯಾಸಿಸಂ ರೂಪದಲ್ಲೂ ಬರಬಹುದು. ಯಾವುದು ಬರುತ್ತದೆ ಎಂಬುದು ರಾಜಕೀಯಕ್ಕೆ ಬಿಟ್ಟ ವಿಷಯ.

ಸಣ್ಣ ದೇಶಗಳ ಅನುಭವ ಇಲ್ಲಿ ಪಾಠ ಹೇಳುತ್ತದೆ. ವಿದೇಶಿ ವ್ಯಾಪಾರಕ್ಕೆ ಹೆಚ್ಚು ತೆರೆದುಕೊಂಡ ದೇಶಗಳಲ್ಲೇ ಸರ್ಕಾರದ ಖರ್ಚು ಹೆಚ್ಚಿರುತ್ತದೆ ಎಂದು ಡೇವಿಡ್ ಕ್ಯಾಮರಾನ್ 1978ರಲ್ಲಿ, ಡ್ಯಾನಿ ರೋಡ್ರಿಕ್ 1998ರಲ್ಲಿ ತೋರಿಸಿದರು. ಸ್ವೀಡನ್, ಆಸ್ಟ್ರಿಯಾದಂಥ ದೇಶಗಳು ಬಾಗಿಲು ತೆರೆದವು, ಜೊತೆಗೆ ನಿರುದ್ಯೋಗ ಭತ್ಯೆ, ತರಬೇತಿ, ಪಿಂಚಣಿಗಳ ಮೂಲಕ ಜನರ ಅಪಾಯವನ್ನೂ ಹಂಚಿಕೊಂಡವು. ಅಮೆರಿಕದ ಬಗ್ಗೆ ಯೋಟಮ್ ಮಾರ್ಗಲಿಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ವಿದೇಶಿ ಪೈಪೋಟಿಯಿಂದ ಉದ್ಯೋಗ ಹೋದ ಕಡೆ 2004ರ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷರಿಗೆ ಮತ ಕಡಿಮೆಯಾಯಿತು, ಆದರೆ ಸರ್ಕಾರದ ಪರಿಹಾರ ಹೆಚ್ಚು ಕಾರ್ಮಿಕರಿಗೆ ತಲುಪಿದ ಕಡೆ ಆ ನಷ್ಟ ಕಡಿಮೆ ಇತ್ತು.

ಪರಿಹಾರಕ್ಕೂ ಮಿತಿ ಇದೆ. ಆಳವಾದ ಜಾಗತಿಕ ಏಕೀಕರಣ, ರಾಷ್ಟ್ರದ ಸ್ವಾಯತ್ತೆ, ಪ್ರಜಾಪ್ರಭುತ್ವ ಈ ಮೂರರಲ್ಲಿ ಒಂದು ಕಾಲಕ್ಕೆ ಎರಡನ್ನು ಮಾತ್ರ ಪೂರ್ಣವಾಗಿ ಉಳಿಸಿಕೊಳ್ಳಲು ಸಾಧ್ಯ ಎಂಬುದು ರೋಡ್ರಿಕ್ ಅವರ ಪ್ರಸಿದ್ಧ ಸೂತ್ರ. 2015ರ ಜುಲೈನಲ್ಲಿ ಗ್ರೀಸ್ ಜನ ಸಾಲದಾತರ ಷರತ್ತುಗಳನ್ನು ಶೇ. 61ರಷ್ಟು ಮತಗಳಿಂದ ತಿರಸ್ಕರಿಸಿದರು. ಯೂರೋ ಬಳಗದಲ್ಲಿ ಉಳಿಯಬೇಕಿದ್ದ ಸರ್ಕಾರ ಕೆಲವೇ ದಿನಗಳಲ್ಲಿ ಕಠಿಣ ಷರತ್ತುಗಳಿಗೆ ಒಪ್ಪಿತು. ಮತ ಹಾಕಿದ ಊರು ಒಂದು, ನಿರ್ಧಾರ ಆದ ಊರು ಇನ್ನೊಂದು.

ಭಾರತ: ಸದ್ದಿಲ್ಲದ ಸುಧಾರಣೆ

ಭಾರತದ ಕಥೆ ಬೇರೆ. 1991ರ ಮಧ್ಯದಲ್ಲಿ ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಿತ್ತು. ಚಿನ್ನ ಅಡ ಇಡಲಾಯಿತು, ಜುಲೈನಲ್ಲಿ ರೂಪಾಯಿ ಅಪಮೌಲ್ಯವಾಯಿತು, ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಮತ್ತು ಬಜೆಟ್ ಬಂದವು. 1990ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ. 15ರಷ್ಟಿದ್ದ ರಫ್ತು-ಆಮದು ವಹಿವಾಟು 2010ರ ದಶಕದ ಆರಂಭದಲ್ಲಿ ಶೇ. 50 ದಾಟಿತು. ಇಷ್ಟು ದೊಡ್ಡ ಬದಲಾವಣೆ ಮಾಡಿದ ಸರ್ಕಾರ ಆರಂಭದಲ್ಲಿ ಅಲ್ಪಮತದ್ದು. ಅದು ಹೇಗೆ ಸಾಧ್ಯವಾಯಿತು?

ಅಶುತೋಷ್ ವಾರ್ಷ್ಣೇಯ ಅವರ ಉತ್ತರ ಹೀಗಿದೆ. ಭಾರತದಲ್ಲಿ ಗಣ್ಯರ ರಾಜಕೀಯ ಬೇರೆ, ಜನಸಮೂಹದ ರಾಜಕೀಯ ಬೇರೆ. ಆಮದು ಸುಂಕ, ಷೇರು ಮಾರುಕಟ್ಟೆ, ವಿನಿಮಯ ದರದ ಚರ್ಚೆ ಮೊದಲನೆಯದಕ್ಕೆ ಸೇರಿದರೆ, ಮಂದಿರ ಮತ್ತು ಮಂಡಲ್ ಎರಡನೆಯದನ್ನು ತುಂಬಿದ್ದವು. ಸುಧಾರಣೆ ಆರಂಭವಾಗಿ ಐದು ವರ್ಷಗಳಾದ ಮೇಲೆ, 1996ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಶೇ. 19ರಷ್ಟು ಮತದಾರರಿಗೆ ಮಾತ್ರ ಆರ್ಥಿಕ ಸುಧಾರಣೆಗಳ ಬಗ್ಗೆ ತಿಳಿದಿತ್ತು. ರಾಬ್ ಜೆಂಕಿನ್ಸ್ 1999ರಲ್ಲಿ ಇದನ್ನು ಕಳ್ಳಹೆಜ್ಜೆಯ ಸುಧಾರಣೆ ಎಂದು ವಿವರಿಸಿದರು. ನಾಯಕರು ಹೊಸದನ್ನು ಹಳೆಯದರ ಮುಂದುವರಿಕೆಯಂತೆ ತೋರಿಸಿದರು, ಕಷ್ಟದ ನಿರ್ಧಾರಗಳ ಹೊಣೆಯನ್ನು ರಾಜ್ಯಗಳಿಗೆ ದಾಟಿಸಿದರು.

ಆದರೆ ಪರಿಣಾಮ ಸದ್ದಿಲ್ಲದೆ ಇರಲಿಲ್ಲ. ಪೆಟಿಯಾ ಟೊಪಲೋವಾ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಲ್ಲೆಗಳನ್ನು ಹೋಲಿಸಿದರು. ಯಾವ ಗ್ರಾಮೀಣ ಜಿಲ್ಲೆಗಳ ಉದ್ಯೋಗಗಳು ಸುಂಕ ಕಡಿತಕ್ಕೆ ಹೆಚ್ಚು ಸಿಕ್ಕಿಕೊಂಡವೋ ಅಲ್ಲಿ ಬಡತನ ಇಳಿಯುವ ವೇಗ ಉಳಿದ ಕಡೆಗಿಂತ ಕಡಿಮೆ ಇತ್ತು. ದೇಶದಲ್ಲಿ ಬಡತನ ಹೆಚ್ಚಿತು ಎಂದು ಇದರ ಅರ್ಥವಲ್ಲ. ಇಳಿಕೆಯ ಲಾಭ ಸಮನಾಗಿ ಹಂಚಿಕೆಯಾಗಲಿಲ್ಲ ಎಂದಷ್ಟೇ ಅರ್ಥ.

ಹಸಿರು ಶಾಲು ಮತ್ತು ಕೆಂಪು ಬಿಲ್ಲೆ

ಸುಂಕದ ಚರ್ಚೆ ಗಣ್ಯರಲ್ಲೇ ಉಳಿದಿದ್ದ ಕಾಲದಲ್ಲಿ ಅದನ್ನು ಹಳ್ಳಿಗೆ ತಂದವರು ರೈತ ಸಂಘಟನೆಗಳು. ಒಂದೇ ಒತ್ತಡ ಎರಡು ರಾಜಕೀಯ ಹುಟ್ಟಿಸಿದ ಉದಾಹರಣೆ ಇಲ್ಲೇ ಇದೆ.

1991ರ ಡಿಸೆಂಬರ್‌ನಲ್ಲಿ ಗ್ಯಾಟ್ ಸಂಸ್ಥೆಯ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಹೊಸ ವ್ಯಾಪಾರ ಒಪ್ಪಂದದ ಕರಡು ಮುಂದಿಟ್ಟರು. ಕೃಷಿ ವ್ಯಾಪಾರ ಮತ್ತು ಬೌದ್ಧಿಕ ಆಸ್ತಿ ಹಕ್ಕುಗಳೂ ಅದರೊಳಗೆ ಬಂದವು. ಡಂಕೆಲ್ ಎಂಬ ಹೆಸರು ಕರ್ನಾಟಕದ ಹಳ್ಳಿಗಳ ಗೋಡೆಗಳ ಮೇಲೂ ಕಾಣಿಸಿಕೊಂಡಿತು.

ಆಗ ಎರಡು ಬಲಿಷ್ಠ ಸಂಘಟನೆಗಳಿದ್ದವು. ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡದ್ದು 1980ರಲ್ಲಿ. ಅದೇ ವರ್ಷದ ನರಗುಂದ-ನವಲಗುಂದ ಬಂಡಾಯ, ಗೋಲಿಬಾರ್ ರಾಜ್ಯದ ರಾಜಕೀಯವನ್ನು ಅಲುಗಾಡಿಸಿದ್ದವು. ಹಸಿರು ಶಾಲಿನ ಈ ಚಳವಳಿಯ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸಮಾಜವಾದಿ ಹಿನ್ನೆಲೆಯವರು. ಮಹಾರಾಷ್ಟ್ರದಲ್ಲಿ ಸ್ವಿಟ್ಜರ್ಲೆಂಡಿನ ಅಂತಾರಾಷ್ಟ್ರೀಯ ಅಂಚೆ ಸಂಸ್ಥೆಯ ಕೆಲಸ ಬಿಟ್ಟು ಪುಣೆ ಬಳಿಯ ಚಾಕಣ ಭಾಗದಲ್ಲಿ ಬೇಸಾಯಕ್ಕಿಳಿದ ಶರದ್ ಜೋಶಿ ಶೇತ್ಕರಿ ಸಂಘಟನೆ ಕಟ್ಟಿದ್ದರು. ಎದೆಯ ಮೇಲಿನ ಕೆಂಪು ಬಿಲ್ಲೆ ಅದರ ಗುರುತು. 1981ರಲ್ಲಿ ಗಡಿಯ ಈಚೆಗೆ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ, ತಂಬಾಕು ಬೆಳೆಗಾರರ ದೊಡ್ಡ ಹೋರಾಟ ನಡೆಸಿದವರೂ ಅವರೇ. ಎರಡೂ ಸಂಘಟನೆಗಳ ಮೂಲ ಬೇಡಿಕೆ ಒಂದೇ ಆಗಿತ್ತು: ಬೆಳೆಗೆ ನ್ಯಾಯವಾದ ಬೆಲೆ.

ಡಂಕೆಲ್ ಕರಡಿನ ಮುಂದೆ ಅವರು ಎದುರಾಬದುರು ನಿಂತರು. ಪೇಟೆಂಟ್ ಮೂಲಕ ಬೀಜದ ಮೇಲಿನ ಹಕ್ಕು ಕಂಪನಿಗಳ ಕೈಸೇರುತ್ತದೆ, ರೈತ ತನ್ನ ಬೀಜ ತಾನೇ ಉಳಿಸಿಕೊಳ್ಳುವ ಸ್ವಾತಂತ್ರ್ಯ ಹೋಗುತ್ತದೆ ಎಂದು ನಂಜುಂಡಸ್ವಾಮಿ ವಿರೋಧಿಸಿದರು. 1992ರ ಡಿಸೆಂಬರ್ ಕೊನೆಯಲ್ಲಿ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಹಾಕಿ ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕಂಪನಿ ಕಟ್ಟುತ್ತಿದ್ದ ಘಟಕದ ಮೇಲೂ ದಾಳಿ ನಡೆಯಿತು.

ಶರದ್ ಜೋಶಿ ಕರಡನ್ನು ಸ್ವಾಗತಿಸಿದರು. ರೈತನನ್ನು ಸುಲಿಯುತ್ತಿರುವುದು ವಿದೇಶಿ ಕಂಪನಿಯಲ್ಲ, ರಫ್ತು ನಿಷೇಧ ಮತ್ತು ಕಡಿಮೆ ಬೆಲೆಯ ಖರೀದಿಯ ಮೂಲಕ ನಮ್ಮದೇ ಸರ್ಕಾರ ಎಂಬುದು ಅವರ ವಾದ. ಭಾರತದ ರೈತನಿಗೆ ಒಟ್ಟಾರೆ ಸಿಗುತ್ತಿರುವುದು ಋಣಾತ್ಮಕ ಸಬ್ಸಿಡಿ, ಮಾರುಕಟ್ಟೆ ತೆರೆದರೆ ಅವನಿಗೆ ಲಾಭ ಎಂದರು.

ಇಷ್ಟು ವ್ಯತ್ಯಾಸ ಏಕೆ? ಒಂದು ಕಾರಣ ಬೆಳೆ ಮತ್ತು ಸರ್ಕಾರದ ಅನುಭವ. ಮಹಾರಾಷ್ಟ್ರದ ಈರುಳ್ಳಿ ಬೆಳೆಗಾರರಿಗೆ ರಫ್ತು ನಿರ್ಬಂಧದ ಬಿಸಿ ನೇರವಾಗಿ ತಟ್ಟುತ್ತಿತ್ತು. ಹತ್ತಿ ಬೆಳೆಗಾರರು ರಾಜ್ಯದ ಏಕಸ್ವಾಮ್ಯ ಖರೀದಿ ಯೋಜನೆಯೊಳಗಿದ್ದರು. ಸರ್ಕಾರವೇ ಬೆಲೆ ಅದುಮುತ್ತಿದೆ ಎಂಬ ಮಾತು ಅವರಿಗೆ ಬೇಗ ಅರ್ಥವಾಗುತ್ತಿತ್ತು. ಎರಡನೆಯ ಕಾರಣ ವಿಚಾರ. ಲೋಹಿಯಾ ಚಿಂತನೆಯಿಂದ ಬಂದ ನಂಜುಂಡಸ್ವಾಮಿಯವರಿಗೆ ಬೆಲೆಗಿಂತ ದೊಡ್ಡ ಪ್ರಶ್ನೆ ಸ್ವಾವಲಂಬನೆ ಮತ್ತು ಹಳ್ಳಿಯ ಅಧಿಕಾರ. ಮೈಸೂರು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಬೋಧಿಸಿದ ಮುಜಾಫರ್ ಅಸಾದಿ 1990ರ ದಶಕದಲ್ಲೇ ಈ ಎರಡು ಚಳವಳಿಗಳ ಭಾಷೆಯನ್ನು ಹೋಲಿಸಿ, ಎರಡರಲ್ಲೂ ಇದ್ದ ದ್ವಂದ್ವಗಳನ್ನು ಗುರುತಿಸಿದ್ದರು.

ಕರ್ನಾಟಕದೊಳಗೂ ರೈತರ ಹಿತಾಸಕ್ತಿ ಒಂದೇ ಆಗಿರಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ರಾಜ್ಯದ ಬೆಳೆಗಾರರು ಕಾಫಿ ಮಂಡಳಿಯ ಕಡ್ಡಾಯ ಖರೀದಿಯಿಂದ ಬಿಡುಗಡೆ ಬಯಸಿದ್ದರು. 1996ರ ಹೊತ್ತಿಗೆ ಅದು ಹಂತಹಂತವಾಗಿ ಪೂರ್ಣಗೊಂಡಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಹೊಡೆದಾಗ ಕೊಡಗು, ಚಿಕ್ಕಮಗಳೂರಿಗೆ ಒಳ್ಳೆಯ ಬೆಲೆ ಬಂತು. 2000ದ ಆಸುಪಾಸಿನಲ್ಲಿ ವಿಶ್ವ ಮಾರುಕಟ್ಟೆ ಕುಸಿದಾಗ ಅದೇ ತೋಟಗಳು ಸಾಲಕ್ಕೆ ಸಿಲುಕಿದವು. ಇತ್ತ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಅಗ್ಗದ ಚೀನಾ ರೇಷ್ಮೆಯ ವಿರುದ್ಧ ಕೂಗೆದ್ದಿತು. 2003ರಲ್ಲಿ ಕೇಂದ್ರ ಸರ್ಕಾರ ಚೀನಾದ ಕಚ್ಚಾ ರೇಷ್ಮೆ ಮೇಲೆ ಸುರಿತ ವಿರೋಧಿ ಸುಂಕ ಹಾಕಿತು. ಕಾಫಿ ಬೆಳೆಗಾರ ಬಾಗಿಲು ತೆರೆಯಲು ಕೇಳಿದ, ರೇಷ್ಮೆ ಬೆಳೆಗಾರ ಮುಚ್ಚಲು ಕೇಳಿದ. ರೊಗೊವ್ಸ್ಕಿ ಹೇಳಿದ ಲಾಭ-ನಷ್ಟದ ತರ್ಕ ಒಂದೇ ರಾಜ್ಯದೊಳಗೆ ಕೆಲಸ ಮಾಡಿದ ಬಗೆ ಇದು.

ಜಾಗತೀಕರಣವನ್ನು ವಿರೋಧಿಸಿದ ಚಳವಳಿ ತಾನೂ ಜಾಗತಿಕವಾಯಿತು ಎಂಬುದು ಇನ್ನೊಂದು ಕುತೂಹಲದ ಸಂಗತಿ. 1993ರಲ್ಲಿ ರೂಪುಗೊಂಡ 'ಲಾ ವಿಯಾ ಕಂಪೆಸಿನಾ' ಎಂಬ ಅಂತಾರಾಷ್ಟ್ರೀಯ ರೈತ ಒಕ್ಕೂಟದಲ್ಲಿ ರೈತ ಸಂಘ ಸೇರಿತು. 1999ರಲ್ಲಿ ಅದರ ನೂರಾರು ಕಾರ್ಯಕರ್ತರು ಯುರೋಪಿನಾದ್ಯಂತ ಪ್ರತಿಭಟನಾ ಯಾತ್ರೆ ನಡೆಸಿದರು. ಗಡಿಯಾಚೆಯ ಗೆಳೆಯರ ಮೂಲಕ ಸ್ವದೇಶದ ಸರ್ಕಾರದ ಮೇಲೆ ಒತ್ತಡ ತರುವ ಈ ಬಗೆಯನ್ನು ಮಾರ್ಗರೆಟ್ ಕೆಕ್ ಮತ್ತು ಕ್ಯಾಥರಿನ್ ಸಿಕ್ಕಿಂಕ್ 1998ರಲ್ಲಿ ಬೂಮರಾಂಗ್‌ಗೆ ಹೋಲಿಸಿದ್ದರು. ನರ್ಮದಾ ಹೋರಾಟ ಇದರ ಪ್ರಸಿದ್ಧ ಉದಾಹರಣೆ. ವಿಶ್ವ ಬ್ಯಾಂಕ್ ನೇಮಿಸಿದ ಸ್ವತಂತ್ರ ಪರಿಶೀಲನಾ ತಂಡ 1992ರಲ್ಲಿ ಸರ್ದಾರ್ ಸರೋವರ ಯೋಜನೆಯನ್ನು ಟೀಕಿಸಿತು, 1993ರಲ್ಲಿ ಉಳಿದ ಸಾಲ ಬೇಡವೆಂದು ಭಾರತ ಹೇಳಿತು. ಆದರೂ ಅಣೆಕಟ್ಟು ನಿಲ್ಲಲಿಲ್ಲ. ಬೂಮರಾಂಗ್‌ಗೂ ಮಿತಿ ಇದೆ.

ನಿಯಮ ಹೊರಗಿನದು, ಕಾನೂನು ಒಳಗಿನದು

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಜಾರಿಗೆ ಬಂತು, ಭಾರತ ಅದರ ಸ್ಥಾಪಕ ಸದಸ್ಯ. ಡಂಕೆಲ್ ವಿರೋಧಿ ಹೋರಾಟ ಸೋತಿತು ಎಂದೇ ಹೇಳಬಹುದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಸ್ಯ ತಳಿಗಳಿಗೆ ಪೇಟೆಂಟ್ ಅಥವಾ ಬೇರೆ ಪರಿಣಾಮಕಾರಿ ರಕ್ಷಣೆ ಕೊಡಬೇಕು ಎಂಬುದು ಜಾಗತಿಕ ನಿಯಮ. ಆ 'ಬೇರೆ ರಕ್ಷಣೆ' ಎಂಬ ಅವಕಾಶವನ್ನೇ ಬಳಸಿ ಭಾರತ 2001ರಲ್ಲಿ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ರೈತ ಬೀಜ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು ಎಂದು ಅದರ 39ನೇ ಸೆಕ್ಷನ್ ಹೇಳುತ್ತದೆ.

ಔಷಧದ ವಿಷಯದಲ್ಲೂ ಹೀಗೇ ಆಯಿತು. 2005ರಲ್ಲಿ ಉತ್ಪನ್ನ ಪೇಟೆಂಟ್ ಒಪ್ಪಿಕೊಂಡ ಸಂಸತ್ತು, ಹಳೆಯ ಔಷಧದ ಸಣ್ಣ ಮಾರ್ಪಾಟಿಗೆ ಹೊಸ ಪೇಟೆಂಟ್ ಸಿಗದಂತೆ 3(ಡಿ) ಸೆಕ್ಷನ್ ಸೇರಿಸಿತು. 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪರಿವರ್ತನವಾದಿಗಳು ಹೇಳುವ 'ಬದಲಾದ ಸರ್ಕಾರ' ಎಂದರೆ ಇದೇ. ನಿಯಮವನ್ನು ತಡೆಯಲಾಗದಿದ್ದರೂ ಅದರೊಳಗೆ ಜಾಗ ಹುಡುಕುವ ಸಾಮರ್ಥ್ಯ ಉಳಿದಿರುತ್ತದೆ. ಆ ಜಾಗ ಹುಡುಕುವಂತೆ ಒತ್ತಾಯಿಸಲು ಸಂಘಟಿತ ಜನ ಬೇಕು.

ಪ್ರಜಾಪ್ರಭುತ್ವ ತಾನಾಗಿ ಹರಡಿತೇ?

1974ರ ಏಪ್ರಿಲ್‌ನಲ್ಲಿ ಪೋರ್ಚುಗಲ್‌ನಿಂದ ಆರಂಭವಾದ ಪ್ರಜಾಪ್ರಭುತ್ವದ ವಿಸ್ತರಣೆಯನ್ನು ಸ್ಯಾಮುಯೆಲ್ ಹಂಟಿಂಗ್ಟನ್ 1991ರಲ್ಲಿ ಮೂರನೇ ಅಲೆ ಎಂದು ಕರೆದರು. ವ್ಯಾಪಾರದ ಜೊತೆ ಅದು ಚೀನಾಕ್ಕೂ ತಲುಪುತ್ತದೆ ಎಂದು ಅನೇಕರು ನಂಬಿದ್ದರು. ಹಾಗೆ ಆಗಲಿಲ್ಲ. ಸ್ಟೀವನ್ ಲೆವಿಟ್ಸ್ಕಿ ಮತ್ತು ಲುಕನ್ ವೇ 2010ರ ತಮ್ಮ ಪುಸ್ತಕದಲ್ಲಿ, ಪಶ್ಚಿಮದ ಪ್ರಜಾಪ್ರಭುತ್ವಗಳ ಜೊತೆ ವ್ಯಾಪಾರ, ಶಿಕ್ಷಣ, ಮಾಧ್ಯಮ, ವಲಸೆಯ ದಟ್ಟ ಸಂಬಂಧವಿದ್ದ ಕಡೆ ಸರ್ವಾಧಿಕಾರ ಸಡಿಲಾಗುವ ಸಾಧ್ಯತೆ ಹೆಚ್ಚು, ಸಂಬಂಧ ತೆಳುವಾಗಿದ್ದ ಕಡೆ ಆಳುವವರ ಬಲವೇ ನಿರ್ಣಾಯಕ ಎಂದು ತೋರಿಸಿದರು. ಇಲ್ಲೂ ಹೊರಗಿನ ಒತ್ತಡ ಮಾತ್ರವೇ ಫಲ ಕೊಡುವುದಿಲ್ಲ.

ಇಂಥ ವಾದಗಳನ್ನು ಓದುವಾಗ

ಜಾಗತೀಕರಣವೇ ಇದಕ್ಕೆಲ್ಲ ಕಾರಣ ಎಂಬ ಮಾತು ಸುದ್ದಿಯಲ್ಲಿ, ಭಾಷಣದಲ್ಲಿ ಆಗಾಗ ಬರುತ್ತದೆ. ಸಂಶೋಧಕರು ಕೇಳುವ ಕೆಲವು ಪ್ರಶ್ನೆಗಳನ್ನು ಓದುಗರೂ ಕೇಳಬಹುದು.

* ಯಾವ ಹರಿವಿನ ಬಗ್ಗೆ ಮಾ‌ತು? ಸರಕು, ಬಂಡವಾಳ, ವಲಸೆ ಮತ್ತು ನಿಯಮಗಳ ಪರಿಣಾಮ ಒಂದೇ ಅಲ್ಲ.
* ಯಂತ್ರ ಮತ್ತು ತಂತ್ರಜ್ಞಾನದಿಂದ ಹೋದ ಉದ್ಯೋಗವನ್ನು ಆಮದಿನ ಲೆಕ್ಕಕ್ಕೆ ಬರೆಯಲಾಗಿದೆಯೇ?
* ಲೆಕ್ಕ ಜಿಲ್ಲೆಯದ್ದೋ ವ್ಯಕ್ತಿಯದ್ದೋ? ಆಮದಿನ ಹೊಡೆತ ತಿಂದ ಜಿಲ್ಲೆ ಒಂದು ಪಕ್ಷಕ್ಕೆ ಮತ ಹಾಕಿತು ಎಂದರೆ ಕೆಲಸ ಕಳೆದುಕೊಂಡವರೇ ಹಾಗೆ ಮತ ಹಾಕಿದರು ಎಂದಾಗುವುದಿಲ್ಲ.
* ಅದೇ ಒತ್ತಡ ಇದ್ದ ಪಕ್ಕದ ರಾಜ್ಯ ಅಥವಾ ದೇಶದಲ್ಲಿ ಏನಾಯಿತು?
* ನಿರ್ಧಾರ ನಿಜವಾಗಿ ಹೊರಗೆ ಆಯಿತೇ, ಅಥವಾ ಇಲ್ಲೇ ಆಗಿ ಹೊಣೆಯನ್ನು ಹೊರಗಿನವರ ಮೇಲೆ ಹಾಕಲಾಗಿದೆಯೇ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. 2020ರ ಕೃಷಿ ಕಾನೂನುಗಳನ್ನು ಮಾಡಿದ್ದು ನಮ್ಮ ಸಂಸತ್ತು. ಶೇತ್ಕರಿ ಸಂಘಟನೆ ಅವನ್ನು ಬೆಂಬಲಿಸಿತು, ಕರ್ನಾಟಕದ ರೈತ ಸಂಘದ ಬಣಗಳು ವಿರೋಧಿಸಿದವು. ಮೂವತ್ತು ವರ್ಷಗಳ ಹಿಂದಿನ ಗೆರೆ ಹಾಗೇ ಉಳಿದಿತ್ತು. 2021ರ ನವೆಂಬರ್‌ನಲ್ಲಿ ಕಾನೂನುಗಳು ರದ್ದಾದವು.

ಈರುಳ್ಳಿಯ ಇತ್ತೀಚಿನ ಕಥೆಯೂ ಇದನ್ನೇ ಹೇಳುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು. ಬಹುತೇಕ ರಫ್ತಿಗಾಗಿಯೇ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೆ ವಿನಾಯಿತಿ ಬೇಕೆಂಬ ಕೂಗೆದ್ದು, ಸೆಪ್ಟೆಂಬರ್ ಕೊನೆಗೆ ಅದು ಸಿಕ್ಕಿತು. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತನ್ನೇ ನಿಷೇಧಿಸಲಾಯಿತು. 2024ರ ಮೇ ಆರಂಭದಲ್ಲಿ, ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗ, ನಿಷೇಧ ತೆರವಾಯಿತು. ಕೊಳ್ಳುವವರು ಮಲೇಷ್ಯಾ, ಬಾಂಗ್ಲಾದೇಶದಂಥ ದೇಶಗಳಲ್ಲಿದ್ದರೂ ಬಾಗಿಲ ಕೀಲಿ ಇದ್ದದ್ದು ದೆಹಲಿಯಲ್ಲಿ. ಆ ಕೀಲಿ ಯಾರಿಗಾಗಿ ತಿರುಗಬೇಕು ಎಂದು ಕೇಳುವ ಹಕ್ಕು ನಾಸಿಕ್ ಮತ್ತು ಚಿಕ್ಕಬಳ್ಳಾಪುರದ ಬೆಳೆಗಾರನಿಗೂ ಇದೆ, ಮುಂಬೈ ಮತ್ತು ಬೆಂಗಳೂರಿನ ಗ್ರಾಹಕನಿಗೂ ಇದೆ.